ಒಲೆಗೂ ಬೇಡದ ಮರದಲ್ಲಿ ಹತ್ತಡಿ ಹಲಗೆ

ತೇಲದ ಹಲಗೆ ಮಾಡಿದ ಆಚಾರಿ ಎಂದು ಬಾಳೂರಿನಲ್ಲಿ ಒಂದು ತಿಂಗಳು ನನ್ನನ್ನು ಆಡಿಕೊಂಡರು. ಹೋಟೆಲಿನವನೂ ನಕ್ಕ, ಜೀಪಿನವರೂ ನಕ್ಕರು. ನಗಲಿ. ಹಲಗೆ ಮುಳುಗಿದ್ದು ನಿಜ, ಅದನ್ನು ಮಾಡಿದವನು ನಾನೇ ಎಂಬುದೂ ನಿಜ. ಆದರೆ ಆಮೇಲೆ ಏನಾಯಿತು ಎಂಬುದನ್ನು ಆ ಬಾಯಿಗಳು ಯಾವತ್ತೂ ಪೂರ್ತಿ ಹೇಳಲಿಲ್ಲ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ.

ಎರಡು ಸಾವಿರನೇ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನಮ್ಮ ಕಡೆ ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಇನ್ನೂ ಗುಡ್ಡ ಹತ್ತಬೇಕಿತ್ತು. ಕಾಫಿ ಹಣ್ಣಿನ ಕೊಯ್ಲು ಜೋರಾಗಿದ್ದ ದಿನಗಳಲ್ಲಿ, ರಸ್ತೆ ಬದಿಯ ನನ್ನ ಮರಗೆಲಸದ ಶೆಡ್ಡಿನ ಮುಂದೆ ಒಂದು ಬೆಳಿಗ್ಗೆ ಜೀಪು ನಿಂತಿತು. ಇಳಿದವರು ಅಮ್ಮೋರು. ನಮ್ಮ ಶೆಡ್ಡಿನಿಂದ ಎರಡು ಮೈಲಿ ಮೇಲಿನ ಎಸ್ಟೇಟಿನ ಒಡತಿ. ಐವತ್ತನಾಲ್ಕು ವರ್ಷ, ದಪ್ಪ ಮೈ, ದೊಡ್ಡ ದನಿ. ಗಂಡ ತೀರಿಕೊಂಡ ಮೇಲೆ ತೋಟವನ್ನು ಅವರೇ ನಡೆಸುತ್ತಿದ್ದರು, ಜೀಪನ್ನೂ ಅವರೇ ಓಡಿಸುತ್ತಿದ್ದರು. ಹಿಂದಿನ ಸೀಟಿನಿಂದ ಗೋಣಿಯಲ್ಲಿ ಸುತ್ತಿದ್ದ ಏನನ್ನೋ ಎಳೆದು ನನ್ನ ಕೆಲಸದ ಮೇಜಿನ ಮೇಲೆ ಇಟ್ಟರು. ಬಿಳಿ ಬಣ್ಣ, ಆರಡಿ ಉದ್ದ, ಮುಂದೆ ಚೂಪು, ಎರಡು ಬೆರಳು ದಪ್ಪ.

"ಎಂತದು ಹೇಳಿ ನೋಡುವ ಆಚಾರ್ರೆ."

"ಇಸ್ತ್ರಿ ಮಾಡೋ ಹಲಗೆನಾ ಅಮ್ಮೋರೆ?"

"ನಿಮ್ ತಲೆ! ಇದು ಸಮುದ್ರದಲ್ಲಿ ಅಲೆ ಮೇಲೆ ನಿಲ್ಲೋ ಹಲಗೆ."

ಅವರು ಹೇಳಿದ್ದು ಇಷ್ಟು. ಮಳೆಗಾಲ ಮುಗಿದ ಮೇಲೆ ಮದುವೆಗೆಂದು ಕರಾವಳಿಗೆ ಹೋಗಿದ್ದವರು ಒಂದು ಮೀನುಗಾರರ ಊರಿನ ಕಡಲಲ್ಲಿ ಹುಡುಗರು ಹಲಗೆಯ ಮೇಲೆ ನಿಂತು ಅಲೆಯ ಜೊತೆ ದಡಕ್ಕೆ ಜಾರಿ ಬರುವುದನ್ನು ಕಂಡರು. ಅಲ್ಲಿ ಅದನ್ನು ಕಲಿಸುವ ಒಬ್ಬ ಮಾಸ್ತರ ಇದ್ದ. ಅಂದಿನಿಂದ ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲೇ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಅವರು ಕಲಿಯಲು ಹೋಗುತ್ತಿದ್ದರು. ನೋಡಲು ಚಂದ ಇದೆಯೆಂದು ಪ್ರವಾಸಿಯೊಬ್ಬನಿಂದ ಈ ಬಿಳಿ ಹಲಗೆ ಕೊಂಡಿದ್ದರು. ಅದರ ಮೇಲೆ ಅವರು ಮಲಗಿದರೆ ಹಲಗೆಯೂ ಅವರೂ ನೀರೊಳಗೆ. ಮಾಸ್ತರ ಮೊದಲ ದಿನವೇ ಹೇಳಿದ್ದನಂತೆ, ಇದು ಕಲಿತವರ ಹಲಗೆ, ಕಲಿಯುವವರಿಗೆ ಅಲ್ಲ, ನಿಮಗೆ ಉದ್ದದ್ದು, ಅಗಲದ್ದು, ದಪ್ಪದ್ದು ಬೇಕು ಎಂದು. ಅಂಥದ್ದು ಅವನ ಬಳಿ ಇರಲಿಲ್ಲ. ಹೊರದೇಶದಿಂದ ತರಿಸಿದರೆ ಬರುವಷ್ಟರಲ್ಲಿ ಮಳೆ ಹಿಡಿದು ಕಡಲು ಮುಚ್ಚುತ್ತದೆ.

"ಅದಕ್ಕೆ ನೀವು ಮಾಡಿ" ಎಂದರು ಅಮ್ಮೋರು.

"ಮುಂದಿನ ವರ್ಷ ನಿಧಾನಕ್ಕೆ ನೋಡುವ ಅಮ್ಮೋರೆ."

"ಮುಂದಿನ ವರ್ಷ ಇಲ್ಲ. ಮೈದುನನ ಹತ್ರ ಮಾತು ಕೊಟ್ಟಾಗಿದೆ. ಮಳೆ ಹಿಡಿಯೋದ್ರೊಳಗೆ ನಿಂತು ತೋರಿಸ್ತೀನಿ, ಇಲ್ಲಾಂದ್ರೆ ಆ ಕಡೆ ಇನ್ನು ತಲೆ ಹಾಕಲ್ಲ ಅಂತ. ಮನೆ ಮರ್ಯಾದೆ ಹೋಗ್ತದೆ ಅಂತ ದಿನಾ ಬಂದು ಕೂತ್ಕೊಂಡ್ರೆ ಎಂತ ಮಾಡೋದು?"

ಅಮ್ಮೋರು ಕೊಟ್ಟ ಮಾತು ತಪ್ಪುವವರಲ್ಲ. ಹಾಗಾಗಿ ಇದು ಆಟದ ಮಾತಾಗಿರಲಿಲ್ಲ. ಆದರೂ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ಆಸೆ ಆಚಾರ್ರೆ. ಗಂಡಸರು ಕೋವಿ ಹಿಡ್ಕೊಂಡು ಕಾಡು ಸುತ್ತಿದ್ರೆ ಯಾರೂ ಕಾರಣ ಕೇಳಲ್ಲ. ನಾನ್ಯಾಕೆ ಕೊಡ್ಲಿ?"

ನನಗೆ ನಾಚಿಕೆ ಆಯಿತು. ಒಪ್ಪಿಕೊಂಡೆ.

ನಮ್ಮ ಕಸುಬಿನಲ್ಲಿ ಮರವನ್ನು ಮೊದಲು ಎತ್ತಿ ನೋಡುತ್ತೇವೆ. ತೂಕ ಇದ್ದರೆ ಮರ, ಇಲ್ಲದಿದ್ದರೆ ಸೌದೆ. ಹೊನ್ನೆ, ಬೀಟೆ, ಮತ್ತಿ ಎಲ್ಲಕ್ಕೂ ಮರ್ಯಾದೆ ಬಂದಿದ್ದು ಅವುಗಳ ಭಾರದಿಂದ. ಆದರೆ ಇದು ನೀರಿನ ಕೆಲಸ ಎಂದು ನಾನೂ ತಲೆ ಓಡಿಸಿದೆ. ಕರಾವಳಿಯವರು ದೋಣಿಗೆ ಹೆಬ್ಬಲಸು ಬಳಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಅಟ್ಟದಲ್ಲಿ ಒಣಗಿದ್ದ ಹೆಬ್ಬಲಸಿನ ಹಲಗೆಗಳಿದ್ದವು. ಮೂರನ್ನು ಕೂಡಿಸಿ ಒಂಬತ್ತೂವರೆ ಅಡಿ ಉದ್ದ, ಎರಡು ಇಂಚು ದಪ್ಪಕ್ಕೆ ಕೀಸಿ, ಮೂತಿ ದುಂಡಗೆ ಮಾಡಿ, ಮೂರು ಕೋಟು ವಾರ್ನಿಶ್ ಹೊಡೆದೆ. ಸುಳ್ಳು ಯಾಕೆ ಹೇಳಲಿ, ನೋಡಿದವರು ಕೈ ಮುಗಿಯುವ ಹಾಗಿತ್ತು. ಜೀಪಿನ ಮೇಲೆ ಎತ್ತಿ ಕಟ್ಟಲು ಇಬ್ಬರು ಬೇಕಾದರು. ಅದನ್ನೂ ಗಟ್ಟಿತನ ಎಂದೇ ತಿಳಿದು ಬೀಗಿದೆ.

ಫೆಬ್ರವರಿಯ ಒಂದು ಭಾನುವಾರ ಅದನ್ನು ಸಮುದ್ರಕ್ಕೆ ಇಳಿಸಿದೆವು. ಬರೀ ಹಲಗೆ ತೇಲಿತು. ಅಮ್ಮೋರು ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದರು. ಹಲಗೆ ಮೆಲ್ಲಗೆ, ಯಾವ ಗಲಾಟೆಯೂ ಇಲ್ಲದೆ, ಅವರನ್ನು ಹೊತ್ತುಕೊಂಡು ಕೆಳಗೆ ಹೋಯಿತು. ಅಷ್ಟರಲ್ಲಿ ಬಂದ ಅಲೆ ಅದನ್ನು ಎತ್ತಿ ಅವರ ಮೊಣಕಾಲಿಗೆ ಬಡಿಯಿತು. ದಡದಲ್ಲಿ ಬಲೆ ಬಿಡಿಸುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ನನಗೆ ಅಲ್ಲೇ ಮರಳಿನಲ್ಲಿ ಹೂತುಹೋಗಬೇಕು ಅನ್ನಿಸಿತು.

ಮಾಸ್ತರ ಮೂವತ್ತರ ಹರೆಯದವನು, ಮೀನುಗಾರರ ಮನೆಯವನು, ಕಡಲು ನೋಡಲು ಬಂದ ಹೊರದೇಶದವರ ಜೊತೆ ಸೇರಿ ಈ ವಿದ್ಯೆ ಕಲಿತಿದ್ದ. ಅವನು ನಗಲಿಲ್ಲ. ಹಲಗೆಯ ಒಂದು ತುದಿ ಎತ್ತಿ ನೋಡಿ ಕೆಳಗಿಟ್ಟ.

"ದೋಣಿ ಮರ ಅಲ್ವಾ? ಒಳ್ಳೆ ಮರವೇ. ಆದ್ರೆ ದೋಣಿಗೆ ಹೊಟ್ಟೆ ಉಂಟು, ಒಳಗೆ ಗಾಳಿ ಉಂಟು. ಇದಕ್ಕೆ ಎಂತ ಉಂಟು?"

ಮೂವತ್ತು ವರ್ಷ ಉಳಿ ಹಿಡಿದವನಿಗೆ ಇಷ್ಟು ಹೊಳೆಯಲಿಲ್ಲ.

"ನೀವು ಒಮ್ಮೆಯಾದ್ರೂ ಹಲಗೆ ಮೇಲೆ ಮಲಗಿದ್ದೀರಾ? ಇಲ್ಲ ಅಲ್ವಾ. ಮಲಗದೆ ಮಾಡ್ಲಿಕ್ಕೆ ಹೇಗೆ ಆಗ್ತದೆ ಮಾರಾಯ್ರೆ? ಬನ್ನಿ."

ನನಗೆ ಈಜು ಬರುವುದಿಲ್ಲ. ಪಂಚೆ ಬಿಚ್ಚಿ ಚಡ್ಡಿಯಲ್ಲಿ ನಿಂತಿದ್ದವನನ್ನು ಅವನು ನದಿ ಕಡಲು ಸೇರುವ ಅಳಿವೆಗೆ, ಎದೆಮಟ್ಟದ ನಿಂತ ನೀರಿಗೆ ಕರೆದೊಯ್ದ. ಅವನಲ್ಲಿದ್ದ ಮೂರು ಹಲಗೆಗಳ ಮೇಲೆ ಒಂದಾದ ಮೇಲೆ ಒಂದರಂತೆ ನನ್ನನ್ನು ಮಲಗಿಸಿದ. ಆರಡಿಯದು ನನ್ನನ್ನು ಕುದುರೆಯಂತೆ ಒದರಿ ಹಾಕಿತು. ಏಳಡಿಯದು ತೇಲಿತು, ಕೈ ಬೀಸಿದರೆ ಪಕ್ಕಕ್ಕೆ ಮಗುಚಿತು. ಎಂಟಡಿಯದರ ಮೇಲೆ ಮಾತ್ರ ನಾನು ಉಸಿರು ಬಿಟ್ಟೆ. ಉದ್ದ ಹೆಚ್ಚಿದಂತೆ ಹಲಗೆ ಬೇಗ ಓಟ ಹಿಡಿಯುತ್ತದೆ, ಅಗಲ ಹೆಚ್ಚಿದಂತೆ ಮಗುಚುವುದು ಕಡಿಮೆ, ದಪ್ಪ ಹೆಚ್ಚಿದಂತೆ ಭಾರ ಹೊರುತ್ತದೆ. ಇಷ್ಟನ್ನು ಅವನು ಬಾಯಲ್ಲಿ ಹೇಳಿದ್ದರೆ ತಲೆ ಅಲ್ಲಾಡಿಸಿ ಬಂದುಬಿಡುತ್ತಿದ್ದೆ. ನಾಲ್ಕು ಸಲ ಉಪ್ಪುನೀರು ಕುಡಿದ ಮೇಲೆ ಮರೆಯುವ ಹಾಗಿರಲಿಲ್ಲ.

ಅಮ್ಮೋರ ತೂಕಕ್ಕೆ ಹತ್ತಡಿ ಉದ್ದ, ಎರಡಡಿ ಅಗಲ, ನಡುವೆ ಮೂರೂವರೆ ಇಂಚು ದಪ್ಪ ಎಂದು ಅವನು ಮರಳಿನ ಮೇಲೆ ಗೆರೆ ಎಳೆದು ತೋರಿಸಿದ. ಮೂತಿ ಚೂಪು ಬೇಡ, ಅಂಚು ಹರಿತ ಬೇಡ, ಅಡಿ ಆದಷ್ಟು ಚಪ್ಪಟೆ, ಮುಂದಿನ ತುದಿ ಮಾತ್ರ ಸ್ವಲ್ಪ ಮೇಲಕ್ಕೆ. ಮಲಗಿದಾಗ ಮೂತಿ ನೀರಿನಿಂದ ನಾಲ್ಕು ಬೆರಳು ಮೇಲಿರಬೇಕು. ಅದಕ್ಕಿಂತ ಎದ್ದರೆ ಹಲಗೆ ಓಡುವುದಿಲ್ಲ, ಇಳಿದರೆ ಮೂತಿ ನೀರೊಳಗೆ ನುಗ್ಗುತ್ತದೆ. ಮತ್ತೆ ಎಲ್ಲಕ್ಕಿಂತ ಮುಖ್ಯ, ಒಬ್ಬರೇ ಎತ್ತುವಷ್ಟು ಹಗುರ ಇರಬೇಕು.

ವಾಪಸು ಘಾಟಿ ಹತ್ತುವಾಗ ಅಮ್ಮೋರ ಮೊಣಕಾಲು ಊದಿತ್ತು. ಕೊಟ್ಟಿಗೆಹಾರದಲ್ಲಿ ಚಾ ಕುಡಿಯುವಾಗ ನಾನು, "ಅಷ್ಟು ದೊಡ್ಡದು, ಅಷ್ಟು ಹಗುರ, ಅಂಥ ಮರ ನಮ್ ಕಡೆ ಇಲ್ಲ ಅಮ್ಮೋರೆ" ಎಂದೆ. ಅವರು ಲೋಟ ಹಿಡಿದು ರಸ್ತೆಯ ಆಚೆಗಿನ ತೋಟವನ್ನೇ ನೋಡುತ್ತಿದ್ದರು.

"ಹಾಲವಾಣ?" ಎಂದರು.

ನಾನು ನಕ್ಕೆ. ನಮ್ಮ ಕಡೆ ಹಾಲವಾಣವನ್ನು ಕಾಫಿ ಗಿಡಕ್ಕೆ ನೆರಳಾಗಲಿ, ಮೆಣಸಿನ ಬಳ್ಳಿ ಹಬ್ಬಲಿ ಎಂದು ನೆಡುತ್ತಾರೆಯೇ ಹೊರತು ಮರ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆದು, ಪೊಳ್ಳು, ಬೇಗ ಕೊಳೆಯುತ್ತದೆ. ಒಲೆಗೆ ಹಾಕಿದರೆ ಉರಿಯುವುದಕ್ಕಿಂತ ಹೊಗೆಯೇ ಹೆಚ್ಚು. ಅದಕ್ಕೆ ಉಳಿ ಹಚ್ಚಿದ ಆಚಾರಿಯನ್ನು ನಾನು ಕೇಳಿಲ್ಲ.

"ನಗ್ಬೇಡಿ. ಪಲ್ಪರ್ ಮನೇಲಿ ಸಿಪ್ಪೆ ತೆಗೆಯೋ ಮೊದ್ಲು ಕಾಫಿ ಹಣ್ಣು ನೀರಿಗೆ ಹಾಕ್ದಾಗ ನಾವು ಎಂತ ಮಾಡ್ತೀವಿ? ಮುಳುಗಿದ್ದು ಒಳ್ಳೆ ಮಾಲು, ತೇಲಿದ್ದು ಜೊಳ್ಳು ಅಂತ ತೆಗೆದು ಆಚೆ ಹಾಕ್ತೀವಿ. ಹುಟ್ಟಿದಾಗಿಂದ ಅದೇ ಕಣ್ಣು ನಮಗೆ. ಇಲ್ಲಿ ತೇಲಿದ್ದೇ ಮಾಲು ಆಚಾರ್ರೆ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನದು ಅದೇ ಆಗಿತ್ತು. ದಿನಾ ಕಣ್ಣೆದುರು ಇದ್ದ ಮರ ನನಗೆ ಕಾಣಿಸಿರಲಿಲ್ಲ. ಚಾ ತಣ್ಣಗಾಯಿತು. ಹಾಲವಾಣದಲ್ಲಿ ಮಾಡಿ ಅದೂ ಮುಳುಗಿದರೆ ನಾನು ಬಾಳೂರು ಬಿಡಬೇಕಾಗುತ್ತದೆ ಎಂದು ಗೊತ್ತಿದ್ದೇ, ಆಗಲಿ ಎಂದೆ.

ಅವರ ತೋಟದಲ್ಲಿ ನೆರಳು ಹೆಚ್ಚಾಯಿತೆಂದು ಹಿಂದಿನ ವರ್ಷ ಬುಡದ ತೊಗಟೆ ಸುಲಿದು ನಿಂತಲ್ಲೇ ಒಣಗಲು ಬಿಟ್ಟಿದ್ದ ಹಾಲವಾಣಗಳಿದ್ದವು. ತುದಿ ಕೊಳೆತಿದ್ದರೂ ನಡುವಿನ ದಿಂಡು ಗಟ್ಟಿ ಇದ್ದ ಒಂದನ್ನು ಆರಿಸಿ ಇಳಿಸಿದೆವು. ಕೊಯ್ದ ಹಲಗೆ ಕೈಗೆತ್ತಿಕೊಂಡರೆ ಇನ್ನೂ ಹಸಿ, ಒಳಗೆಲ್ಲ ನೀರು. ನನಗೆ ದಿಗಿಲಾಯಿತು. ಇದನ್ನು ನೆರಳಿನಲ್ಲಿ ಒಣಗಿಸಿದರೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಬಿಟ್ಟರೆ ಸೀಳುತ್ತದೆ.

ಅಮ್ಮೋರು ಅದನ್ನು ಕಾಫಿ ಕಣಕ್ಕೆ ತರಿಸಿದರು. ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಬೀಜ ಒಣಗಿಸುವ ಕ್ರಮವೇ ಹಲಗೆಗೂ ಎಂದರು. ಬೆಳಿಗ್ಗೆ ಎಳೆ ಬಿಸಿಲಿಗೆ ಹರಡುವುದು, ಗಳಿಗೆಗೊಮ್ಮೆ ಮಗುಚುವುದು, ನಡು ಮಧ್ಯಾಹ್ನ ಗೋಣಿ ಹೊದಿಸುವುದು, ಸಂಜೆ ಇಬ್ಬನಿ ಬೀಳುವ ಮೊದಲು ಟಾರ್ಪಾಲು ಮುಚ್ಚುವುದು. ಕಾಫಿ ತೂಗುವ ತಕ್ಕಡಿಯಲ್ಲೇ ಪ್ರತಿ ಹಲಗೆಯನ್ನು ದಿನಾ ತೂಗಿದೆವು. ತೂಕ ಇಳಿಯುತ್ತಲೇ ಇತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕಾಫಿಯ ಪಕ್ಕದಲ್ಲಿ ಸೌದೆ ಒಣಗಿಸುವ ಕಾಲ ಬಂತಲ್ಲ ಎಂದು ಗೊಣಗಿದರು. ಹೆಣ್ಣಾಳುಗಳು ಮಾತ್ರ ಹಲಗೆ ಮಗುಚುವಾಗ, "ಇದ್ರ ಮೇಲೆ ಅಮ್ಮೋರು ನಿಂತ್ಕತಾರಂತೆ" ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಹೂಮಳೆ ಬಂತು. ಕಾಫಿ ಗಿಡ ಹೂ ಬಿಡಲು ಎಲ್ಲರೂ ಕಾದು ಕೂತಿದ್ದ ಮಳೆ. ಇಡೀ ತಾಲ್ಲೂಕು ಕುಣಿಯಿತು. ನಾನೊಬ್ಬ ಮಾತ್ರ ಆ ಮಳೆಗೆ ಶಾಪ ಹಾಕುತ್ತ ಕಣಕ್ಕೆ ಓಡಿದೆ. ಎರಡು ಹಲಗೆ ನೆನೆದು ಕಪ್ಪಾಗಿ ಕೆಲಸಕ್ಕೆ ಬಾರದೆ ಹೋದವು. ಉಳಿದವನ್ನು ಮತ್ತೆ ಮೊದಲಿನಿಂದ ಒಣಗಿಸಿದೆವು. ತಕ್ಕಡಿಯಲ್ಲಿ ಮೂರು ದಿನ ಒಂದೇ ತೂಕ ತೋರಿಸುವಷ್ಟರಲ್ಲಿ ಏಪ್ರಿಲ್ ನಡುವಿಗೆ ಬಂದಿತ್ತು.

ಅಮ್ಮೋರ ಮೈದುನ ಶೆಡ್ಡಿಗೆ ಬಂದದ್ದು ಆಗ. ಪಕ್ಕದ ತೋಟದವರು, ಕ್ಲಬ್ಬಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಹಾಲವಾಣದ ಹಲಗೆಯನ್ನು ಬೂಟಿನ ತುದಿಯಿಂದ ತಳ್ಳಿದರು.

"ಏನ್ ಆಚಾರಿ, ಅತ್ತಿಗೆಗೆ ಹುಚ್ಚು, ನಿಂಗೆ ಬುದ್ಧಿ ಬೇಡ್ವಾ? ಇನ್ನೊಂದ್ ಸಲ ಮುಳುಗಿದ್ರೆ ನಿನ್ ಹೆಸರೂ ಮುಳುಗ್ತದೆ. ಕೆಲಸ ಎಳೀತಾ ಇರು. ಮಳೆ ಬಂದ್ರೆ ತನ್ನಿಂತಾನೇ ಮುಗೀತದೆ."

ಅವರ ಮನೆಯ ಕಿಟಕಿ ಬಾಗಿಲು ಎಲ್ಲ ನನ್ನ ಕೈಯಿಂದ ಆದವು. ಇನ್ನೂ ಆಗಬೇಕಿತ್ತು. ನಾನು ಎದ್ದು ಹಲಗೆಯನ್ನು ಅವರ ಬೂಟಿನ ಹತ್ತಿರದಿಂದ ತೆಗೆದು ಮೇಜಿನ ಮೇಲಿಟ್ಟೆ.

"ಮುಳುಗಿದ್ರೆ ಮುಳುಗ್ಲಿ ಅಯ್ಯ. ಎಳಿಯೋದು ನಂಗೆ ಬರಲ್ಲ" ಎಂದೆ. ಆಮೇಲೆ ಅವರ ಮನೆಯ ಕೆಲಸ ನನಗೆ ಬರಲಿಲ್ಲ. ನಷ್ಟ ಆಯಿತು, ಆದರೆ ಹೇಳಿದ್ದಕ್ಕೆ ಒಂದು ದಿನವೂ ಬೇಸರಪಟ್ಟಿಲ್ಲ.

ಬೆಣ್ಣೆಯಷ್ಟು ಮೆದು ಮರದ ಮೇಲೆ ಕೆಲಸ ಕಷ್ಟ. ಉಳಿ ಸ್ವಲ್ಪ ಮೊಂಡಾದರೂ ಎಳೆ ಕಿತ್ತು ಬರುತ್ತದೆ. ದಿನಕ್ಕೆ ಹತ್ತು ಸಲ ಉಳಿ ಮಸೆದೆ. ಮಾಸ್ತರ ಕೇಳಿದ್ದ ಹೊಟ್ಟೆಯ ಮಾತು ಮರೆತಿರಲಿಲ್ಲ. ಆರು ಹಲಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಕೂಡಿಸುವ ಮೊದಲು ಪ್ರತಿಯೊಂದರ ಒಳಬದಿಯನ್ನು ಗೂಡು ಗೂಡಾಗಿ ತೋಡಿದೆ. ನಡುನಡುವೆ ಎರಡು ಬೆರಳಿನ ಅಡ್ಡಗೋಡೆ ಬಿಟ್ಟೆ, ನಿಂತಾಗ ಪಾದ ಒಳಗೆ ಇಳಿಯಬಾರದಲ್ಲ. ಕರಾವಳಿಯಲ್ಲಿ ಫೈಬರ್ ದೋಣಿಗೆ ಬಳಿಯುವ ರೆಸಿನ್ ತರಿಸಿ ಅದರಲ್ಲೇ ಅಂಟಿಸಿ, ಹಗ್ಗ ಬಿಗಿದು ನಾಲ್ಕು ದಿನ ಬಿಟ್ಟೆ. ಆಮೇಲೆ ಕೀಸುಳಿ ಹಿಡಿದು ಅಂಚು ದುಂಡಗೆ, ಅಡಿ ಚಪ್ಪಟೆ, ಮೂತಿ ಎತ್ತರ. ಮೇಲೆ ತೆಳು ಫೈಬರ್ ಬಟ್ಟೆ ಹೊದಿಸಿ ಮತ್ತೆ ರೆಸಿನ್. ಹಿಂದೆ ಅಡಿಯಲ್ಲಿ, ಹಲಗೆ ನೆಟ್ಟಗೆ ಓಡಲು ಬೇಕಾದ ದೊಡ್ಡ ರೆಕ್ಕೆಯನ್ನು ಮಾತ್ರ ಹೊನ್ನೆಯ ತುಂಡಿನಲ್ಲಿ ಮಾಡಿದೆ. ನನ್ನ ಕಸುಬಿನ ಹಿರಿಯರು ಮೇಲಿಂದ ನೋಡುತ್ತಿದ್ದರೆ ಅಷ್ಟಾದರೂ ಸಮಾಧಾನ ಆಗಲಿ ಎಂದು.

ಮುಗಿದ ಹಲಗೆ ನೋಡಲು ಚಂದ ಇರಲಿಲ್ಲ. ಮಾಸಲು ಬಣ್ಣ, ಮೊಂಡು ಮೂತಿ, ಅಗಲ ಬೆನ್ನು. ಆದರೆ ಅಮ್ಮೋರು ಬಂದು ಒಬ್ಬರೇ ಕಂಕುಳಿಗೆ ಸೇರಿಸಿ ಎತ್ತಿದರು. ಸ್ಪ್ರಿಂಕ್ಲರಿಗೆ ನೀರು ಹಿಡಿಯುವ ತೋಟದ ಕೆರೆಗೆ ಒಯ್ದು ಅದರ ಮೇಲೆ ಮಲಗಿದರು. ನಾನು ದಡದಲ್ಲಿ ಕಣ್ಣು ಮುಚ್ಚಿ ನಿಂತೆ.

"ಆಚಾರ್ರೆ, ಕಣ್ ಬಿಡಿ. ಬೆರಳಿಟ್ಟು ನೋಡಿ."

ನೀರಿಗೆ ಇಳಿದು ಮೂತಿಯಡಿ ಬೆರಳಿಟ್ಟೆ. ಎರಡು ಬೆರಳಷ್ಟೇ ಇತ್ತು. ಅಂಗೈ ಅಗಲ ಹಿಂದಕ್ಕೆ ಸರಿಯಿರಿ ಎಂದೆ. ಸರಿದರು. ನಾಲ್ಕು ಬೆರಳಾಯಿತು. ಅವರ ಗದ್ದ ಬರುವ ಜಾಗಕ್ಕೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದೆ. ಕಾಲು ಜಾರದಿರಲೆಂದು ಮೇಲೆಲ್ಲ ಜೇನುಮೇಣ ಉಜ್ಜಿದೆ.

ಹೊರಡುವಷ್ಟರಲ್ಲಿ ಮೇ ಕೊನೆ. ಆ ಭಾನುವಾರ ಕಡಲ ಬಣ್ಣ ಆಗಲೇ ಮಣ್ಣಾಗಿತ್ತು. ಮಾಸ್ತರ ಆಕಾಶ ನೋಡಿ ಇವತ್ತೇ ಕೊನೆ, ನಾಳೆಯಿಂದ ಯಾರನ್ನೂ ಇಳಿಸುವುದಿಲ್ಲ ಎಂದ. ಮೈದುನರೂ ಕಾರಿನಲ್ಲಿ ಬಂದಿದ್ದರು. ಅತ್ತಿಗೆಯ ಸುರಕ್ಷತೆಗೆ ಎಂದರು. ಕೈ ಕಟ್ಟಿ ಕಾರಿಗೆ ಒರಗಿ ನಿಂತರು.

ಅಮ್ಮೋರು ತೋಟಕ್ಕೆ ಹಾಕುತ್ತಿದ್ದ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಹಲಗೆ ಕೈತಪ್ಪಿ ಹೋಗದಂತೆ ಅದಕ್ಕೆ ಬಿಗಿದ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಇಳಿದರು. ದೂರ ಹೋಗುವಂತಿರಲಿಲ್ಲ. ಸೊಂಟಮಟ್ಟದ ನೀರು, ಒಡೆದು ಬರುವ ನೊರೆ ಅಲೆ. ಮೊದಲ ಅಲೆಗೆ ಮಂಡಿಯೂರಿದವರು ಬಿದ್ದರು. ಎರಡನೆಯದಕ್ಕೆ ಬಿದ್ದರು. ಐದನೆಯದಕ್ಕೆ ಮೂಗಿಗೆ ನೀರು ಹೋಗಿ ಕೆಮ್ಮಿದರು. ನಾನು ಅವರನ್ನು ನೋಡುವುದು ಬಿಟ್ಟು ಹಲಗೆಯನ್ನು ನೋಡಿದೆ. ಪ್ರತಿ ಸಲವೂ ಅದು ತೇಲಿ ಮೇಲೆ ಬರುತ್ತಿತ್ತು, ನೆಟ್ಟಗೇ ಓಡುತ್ತಿತ್ತು. ಅವರೇ ಗಡಿಬಿಡಿಯಲ್ಲಿ ಗೆರೆ ದಾಟಿ ಮುಂದೆ ಮಲಗುತ್ತಿದ್ದರು.

"ಗೆರೆ ಅಮ್ಮೋರೆ, ಗೆರೆ!" ಎಂದು ನಾನು ಕೂಗಿದ್ದು ಮೂರು ಮನೆ ಆಚೆಗೂ ಕೇಳಿರಬೇಕು. "ಗದ್ದ ಗೆರೆ ಮೇಲಿಡಿ!"

ಅವರು ಹಿಂದಕ್ಕೆ ಸರಿದರು. ಹಲಗೆಯ ಹಿಂದೆ ಹಿಡಿದು ನಿಂತಿದ್ದ ಮಾಸ್ತರ ಕೈ ಬಿಟ್ಟ. ಅಲೆ ಬಂದು ಹಲಗೆಯನ್ನು ಎತ್ತಿಕೊಂಡಿತು. ಅವರು ಎರಡೂ ಅಂಗೈ ಊರಿದರು, ಒಂದು ಮಂಡಿ ಬಂತು, ಅಂದು ಊದಿದ್ದ ಕಾಲು ಮುಂದೆ ಬಂತು, ಸೊಂಟ ಎದ್ದಿತು. ಅಮ್ಮೋರು ನಿಂತರು. ಕೈ ಎರಡೂ ಅಗಲಿಸಿ, ಬಾಯಿ ಬಿಟ್ಟು, ಐವತ್ತನಾಲ್ಕು ವರ್ಷದ ಹೆಂಗಸು ಒಲೆಗೂ ಬೇಡದ ಮರದ ಮೇಲೆ ದಡದವರೆಗೂ ನಿಂತೇ ಬಂದರು. ಬಲೆಯವರು ಸಿಳ್ಳೆ ಹೊಡೆದರು. ನಾನು ಅತ್ತೆ, ಅದನ್ನು ಬಚ್ಚಿಡುವ ಅಗತ್ಯ ಇಲ್ಲ.

ಹಲಗೆ ಮರಳಿಗೆ ತಾಗಿದಾಗ ಅವರು ಇಳಿದು ನಿಂತು ಏದುಸಿರು ಬಿಟ್ಟರು. ಮೈದುನರು ಕಾರು ಬಿಟ್ಟು ಹತ್ತಿರ ಬಂದಿದ್ದರು.

"ಆಯ್ತಲ್ಲ ಅತ್ತಿಗೆ. ಹೆಂಗೋ ಒಂದ್ ಸಲ ನಿಂತ್ರಿ. ಮಾತು ಉಳೀತು. ಇನ್ನು ಸಾಕು, ಮನೆಗೆ ಹೋಗುವ."

ಅಮ್ಮೋರು ಮುಖದ ಮೇಲಿನ ಕೂದಲು ಸರಿಸಿದರು.

"ನಿಲ್ಲದಿದ್ರೆ ಬರಲ್ಲ ಅಂತ ಅಲ್ವಾ ನಾನು ಹೇಳಿದ್ದು? ನಿಂತೆ. ನೀನು ಹೊರಡು, ಕಣದಲ್ಲಿ ಮೆಣಸು ಹರಡಿದೆ, ಮುಚ್ಚೋಕೆ ಹೇಳು."

ಆಮೇಲೆ ಹಲಗೆಯ ಮೂತಿ ಎತ್ತಿ ಕಡಲ ಕಡೆ ತಿರುಗಿಸಿ ನನ್ನನ್ನು ನೋಡಿದರು.

"ಎಂತ ನಿಂತಿದ್ದೀರಿ ಆಚಾರ್ರೆ? ಕೈ ಸೋತಿದೆ ನಂಗೆ. ಹಿಂದೆ ಹಿಡೀರಿ."

ಪಂಚೆ ಎತ್ತಿ ಕಟ್ಟಿ ಹಿಡಿದೆ.